ಗೋಡೆ ಬೆವರಿದ ದಿನ

"ನೀವಾ...? ಇಲ್ಲಿ?"

ಮಿರ್ಜಾನದಲ್ಲಿ ಮಂಜಿಯ ಮನೆಯ ಜಗಲಿ ಹತ್ತಿದ ಸುಚಿತಾ ಅಲ್ಲೇ ನಿಂತುಬಿಟ್ಟಳು. ಒಳಗೆ ಕುಳಿತಿದ್ದವನು ನಿತ್ಯಾನಂದ! ಹದಿನಾಲ್ಕು ತಿಂಗಳಿಂದ ಮರೆಯಲು ಒದ್ದಾಡಿದ ಅದೇ ಮುಖ.

ದೂರದ ನಗರದಲ್ಲಿ ನೆಲದಡಿಯ ಮೆಟ್ರೋ ನಿಲ್ದಾಣವೊಂದನ್ನು ಇಬ್ಬರೂ ಸೇರಿ ಕಟ್ಟುತ್ತಿದ್ದರು. ಕುಮಟಾದ ಸುಚಿತಾ ಅದರ ಗೋಡೆಗಳ ವಿನ್ಯಾಸ ಮಾಡಿದವಳು. ಕರ್ಕಿಯ ನಿತ್ಯಾನಂದ ಆಳದಲ್ಲಿ ನಿಂತು ಕಟ್ಟಿಸುವ ಎಂಜಿನಿಯರ್. ನಕ್ಷೆಗಳ ಮೇಲೆ ಜಗಳವಾಡುತ್ತಲೇ ಮದುವೆಯ ಮಾತಿನವರೆಗೂ ಬಂದಿದ್ದರು.

ಆಮೇಲೆ ಆ ಮಧ್ಯಾಹ್ನ...

ಎಪ್ಪತ್ತು ಅಡಿ ಆಳದಲ್ಲಿ ಗೋಡೆಯ ಸಂದು ಒಡೆದು ನೀರೂ ಮರಳೂ ಒಟ್ಟಿಗೆ ನುಗ್ಗಿದವು. ಏಳು ಮಂದಿ ಏಣಿ ಹತ್ತಿ ಬಂದರು. ಮಂಜಿಯ ಗಂಡ ಜಟ್ಟ ಬರಲಿಲ್ಲ.

'ನಿನ್ನ ನಕ್ಷೆಯದೇ ತಪ್ಪು ಅಂತ ನಿತ್ಯಾನಂದ ತನಿಖೆಯಲ್ಲಿ ಹೇಳಿದನಂತೆ' ಎಂದು ಯಾರೋ ಅಂದರು. ಸುಚಿತಾ ಅವನ ಫೋನ್ ಎತ್ತಲಿಲ್ಲ. ಕೆಲಸ ಬಿಟ್ಟು ಊರಿಗೆ ಬಂದಳು.

ಜಟ್ಟನ ದನಿ ಮಾತ್ರ ಬೆನ್ನು ಬಿಡಲಿಲ್ಲ. ಬಾವಿಗೆ ಕೊಡ ಇಳಿಸಿದರೂ, ನಲ್ಲಿ ತಿರುಗಿಸಿದರೂ ಅದೇ... "ಅಕ್ಕೋರೇ, ಗೋಡೆ ಬೆವರ್ತಾ ಅದೆ." ಅದಕ್ಕೇ ಇವತ್ತು ಮಂಜಿಯ ಬಾಗಿಲಿಗೆ ಬಂದಿದ್ದಳು.

"ಎಂತಕ್ಕೆ ನಿಂತ್ರಿ, ಬನ್ನಿ," ಎಂದಳು ಮಂಜಿ. "ಇವ್ರು ನನ್ನ ನೋಡೂಕೆ ಆಗಾಗ ಬರ್ತಾರೆ. ತಪ್ಪೆಲ್ಲ ತಂದೇ ಅಂತ ಬರ್ಕೊಟ್ಟು ಕೆಲ್ಸ ಕಳ್ಕಂಡ್ರು. ನಿಮ್ಗೆ ಗೊತ್ತಿಲ್ವಾ?"

ಸುಚಿತಾ ನಿತ್ಯಾನಂದನ ಕಡೆ ತಿರುಗಿದಳು. ಅಯ್ಯೋ... ಇವನನ್ನಾ ನಾನು ದ್ವೇಷಿಸಿದ್ದು?

ಅವಳು ಮಂಜಿಯ ಮುಂದೆ ಕುಸಿದು ಕೂತಳು. "ಮಂಜಿ... ಹಿಂದಿನ ದಿನ ಜಟ್ಟಣ್ಣ ನಂಗೆ ಹೇಳಿದ್ದ. ಗೋಡೇಲಿ ನೀರು ಒಸರ್ತದೆ ಅಂತ. ನಾಳೆ ನೋಡ್ವಾ ಅಂದೆ. ಯಾರಿಗೂ ಹೇಳ್ಲಿಲ್ಲ!"

ನಿತ್ಯಾನಂದ ತಟ್ಟನೆ ತಲೆಯೆತ್ತಿದ. ಮಂಜಿಯ ಮುಖ ಕದಲಲಿಲ್ಲ.

"ಗೊತ್ತಿತ್ತು. ನಮ್ಮನೆಯವ್ರು ಅವತ್ತು ರಾತ್ರಿ ಫೋನಲ್ಲಿ ಹೇಳಿದ್ರು. ನಿಮ್ಮ ಬಾಯಿಂದ್ಲೇ ಕೇಳೂಕೆ ಕಾದಿದ್ದೆ." ಅವಳೂ ಎದುರಿಗೆ ಕೂತಳು. "ಕ್ಷಮ್ಸೂಕೆ ನಂಗೆ ಆಗೂದಿಲ್ಲ. ಆದ್ರೆ ಇದ್ನ ತನಿಖೆಯವ್ರಿಗೆ ಬರ್ದು ಕೊಡಿ. ಇನ್ನೊಂದು ಗೋಡೆ ಬೆವರಿದ್ರೆ ಕೆಲ್ಸ ಅವತ್ತೇ ನಿಲ್ಬೇಕು."

"ಕೊಡ್ತೆ," ಎಂದಳು ಸುಚಿತಾ.

ಸುಚಿತಾ, ನಿತ್ಯಾನಂದ ಇಬ್ಬರೂ ಹೊಳೆದಂಡೆಯವರೆಗೆ ನಡೆದರು.

"ನನ್ನ ಸಲುವಾಗಿ ಸುಳ್ಳು ಬರೆದ್ರಾ?"

"ಇಲ್ಲ ಸುಚಿ. ಕೆಳಗೆ ನಿಂತವ ನಾನು. ಒದ್ದೆ ಗೋಡೆ ನಾನೂ ನೋಡಿದ್ದೆ. ಕೆಲ್ಸ ನಿಲ್ಸಿಲ್ಲ." ಅವನು ನೀರಿನ ಕಡೆ ನೋಡಲಾರದೆ ಮುಖ ತಿರುಗಿಸಿದ. "ಜಟ್ಟನ ದನಿ ನಂಗೂ ಕೇಳ್ತದೆ... ದಿನಾ."

ಅವಳು ಮೊದಲ ಬಾರಿ ಅವನ ಕೈ ಹಿಡಿದಳು. ಎರಡೂ ಕೈಗಳು ತಣ್ಣಗಿದ್ದವು.

"ತನಿಖೆಯವ್ರ ಎದುರು ಒಬ್ಳೇ ಹೋಗೂಕೆ ಹೆದ್ರಿಕೆ..."

"ಜೊತೆಗೆ ಬರ್ತೆ. ಆಮೇಲೆ... ನಿನ್ನ ಅಮ್ಮನ ಹತ್ರ ಹೆಣ್ಣು ಕೇಳೂಕೂ ಬರ್ಲಾ?"

ಸುಚಿತಾಳ ಕಣ್ಣು ತುಂಬಿತು. "ಅಮ್ಮನ್ನ ಆಮೇಲೆ ಕೇಳಿ. ಮೊದ್ಲು ನನ್ನ ಕೇಳಿ."

"ಕೇಳ್ದೆ."

"ಆತು."