ಕಂಸದೊಳಗಿನ ಸೊನ್ನೆ

"'ನಿಮ್ಮ ಕೋರಿಕೆ ತಲುಪಿದೆ' ಅಂತ ನಿಮ್ಮ ಯಂತ್ರಾನೇ ಹೇಳ್ತಲ್ಲ ಸ್ವಾಮಿ? ಮತ್ತೆ ರಕ್ತ ಯಾಕೆ ಬರಲಿಲ್ಲ?"

ದರ್ಜಿ ತನ್ನ ಫೋನನ್ನು ನಮ್ಮ ಮೇಜಿನ ಮೇಲಿಟ್ಟ. ಹಸಿರು ಅಕ್ಷರ—ತಲುಪಿದೆ. ಹಿಂದಿನ ದಿನ, ಮಂಗಳವಾರ, ಹನ್ನೊಂದು ಗಂಟೆ ಐದು ನಿಮಿಷ. ಅವನ ಹೆಂಡತಿ ಆಸ್ಪತ್ರೆಯಲ್ಲಿ. ಭಾಮೈದ ಓಡಿಬಂದು ರಕ್ತ ಕೊಡಲು ತೋಳು ಚಾಚಿದ್ದರಿಂದ ಜೀವ ಉಳಿದಿತ್ತು.

ರಕ್ತನಿಧಿಗೆ ಬರುವ ಕೋರಿಕೆಗಳನ್ನು ವೆಬ್ ಮೂಲಕ ಮುಟ್ಟಿಸುವ ಕಚೇರಿ ನಮ್ಮದು. ಅಂದು ಇಪ್ಪತ್ತು ನಿಮಿಷದಲ್ಲಿ ಹದಿನೇಳು ಕೋರಿಕೆ ಮಾಯ. ಹದಿನೇಳಕ್ಕೂ 'ತಲುಪಿದೆ' ಎಂಬ ಉತ್ತರ!

ಮುಖ್ಯಸ್ಥರ ತೀರ್ಪು ಆಗಲೇ ಹೊರಬಿದ್ದಿತ್ತು. ಕೋರಿಕೆಗಳನ್ನು ಬರೆದಿಡುವ ಕೋಡಿನ ಭಾಗ, ಆ ಮಾಡ್ಯೂಲ್, ಕನ್ನಡಕದ್ದು—ದಪ್ಪ ಗಾಜಿನ ಹುಡುಗಿಗೆ ನಾವಿಟ್ಟ ಹೆಸರು. ಕೊನೆಯ ತಿದ್ದುಪಡಿಯೂ ಅವಳ ಹೆಸರಲ್ಲೇ ಇತ್ತು. ಮಧ್ಯಾಹ್ನ ಒಂದಕ್ಕೆ ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಕೈಗೆ.

"ಒಂದಕ್ಕಲ್ವಾ? ಈಗಿನ್ನೂ ಹನ್ನೆರಡು" ಎಂದರು ಚಿಕ್ಕಮ್ಮ, ಕುರ್ಚಿ ಎಳೆದುಕೊಂಡು.

ಅವರು ಯಾರಿಗೂ ಸ್ವಂತ ಚಿಕ್ಕಮ್ಮನಲ್ಲ, ಎಲ್ಲರಿಗೂ ಚಿಕ್ಕಮ್ಮನೇ. ಇಪ್ಪತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು, ಕೋಡನ್ನು ತಾವಾಗಿಯೇ ಕಲಿತವರು. ಕೋಡ್ ಪರಿಶೀಲನೆ ಅವರ ವಿಭಾಗ. ನಾನು ಅವರ ಕೈಕೆಳಗೆ. ಕೋಡನ್ನು ಅವರು ಓದುವುದಿಲ್ಲ—ಪಕ್ಕದ ಮನೆ ಜಗಳಕ್ಕೆ ಕಿವಿಗೊಟ್ಟಂತೆ ಕೇಳಿಸಿಕೊಳ್ಳುತ್ತಾರೆ.

"ನೋಡು, ಮಾಡ್ಯೂಲು ಡಿಸ್ಕನ್ನ ಕೇಳ್ತು—'ಇದನ್ನ ಬರ್ಕೋತೀಯಾ?' ಡಿಸ್ಕು ಅಂತು—'ಜಾಗ ಇಲ್ಲ, ಹೋಗು.' ಈಗ ಸರ್ವರಿಗೆ ಮಾಡ್ಯೂಲು ಏನು ಹೇಳ್ಬೇಕು?"

"ತಪ್ಪಾಗಿದೆ ಅನ್ನೋ ಕೋಡನ್ನ ವಾಪಸ್ ಕೊಡ್ಬೇಕು. ಆಗ ಗೋಡೆ ಮೇಲಿನ ಪರದೆ ಕೆಂಪಾಗುತ್ತೆ. ದರ್ಜಿಗೂ 'ತಲುಪಿಲ್ಲ, ಫೋನ್ ಮಾಡಿ' ಅಂತ ಸಂದೇಶ ಹೋಗುತ್ತೆ."

"ಕೊಟ್ಟಿದ್ದೇನು?"

ಬಗ್ಗಿ ನೋಡಿದೆ. ಎರಡೂ ಕಡೆ ಕಂಸ, ನಡುವೆ ಸೊನ್ನೆ. ಸೊನ್ನೆ ಅಂದರೆ—ಎಲ್ಲ ಸರಿಯಾಗಿದೆ!

"ಲೈನ್ ಸತ್ತಿದ್ರೂ 'ಮಾತಾಡಿ' ಅಂದ ಹಾಗಾಯ್ತು" ಎಂದರು ಚಿಕ್ಕಮ್ಮ. "ಕೀಲಿಕೈನ ಕರಿ."

ಕೀಲಿಕೈ ಅಂದರೆ ಸರ್ವರ್ ಕೋಣೆಯ ಕಾವಲಿಗ. ಬಂದವನೇ ಬೆವರೊರೆಸಿಕೊಂಡ.

"ಡಿಸ್ಕು ಭಾನುವಾರದಿಂದ ಆಗಾಗ ತುಂಬಿ ಕಾಟ ಕೊಡ್ತಿತ್ತು ಚಿಕ್ಕಮ್ಮ. ಸೋಮವಾರ ಬೆಳಿಗ್ಗೆ ಪರದೆ ತುಂಬ ಕೆಂಪು. ಹತ್ತಕ್ಕೆ ಕಚೇರಿ ನೋಡೋಕೆ ಅತಿಥಿಗಳು ಬರೋರಿದ್ರು. ಅಷ್ಟರಲ್ಲಿ ತಾನಾಗೇ ಹಸಿರಾಯ್ತು! ದೇವರು ದೊಡ್ಡವನು ಅಂದ್ಕೊಂಡೆ."

"ದೇವರಿಗೆ ಪಾಸ್‌ವರ್ಡ್ ಕೊಟ್ಟೋರು ಯಾರಪ್ಪಾ?"

ದಾಖಲೆ ನೋಡಿದೆ: ಆ ಸೊನ್ನೆಯ ತಿದ್ದುಪಡಿಯಾದದ್ದು ಸೋಮವಾರ ಒಂಬತ್ತು ನಲವತ್ತಕ್ಕೆ.

"ನಾನಲ್ಲ" ಎಂದಳು ಅಷ್ಟರಲ್ಲಿ ಬಂದಿದ್ದ ಕನ್ನಡಕ. "ಆಚೆ ಕೋಣೇಲಿ ಯಂತ್ರಾನ ನನ್ನ ಹೆಸರಲ್ಲೇ ತೆರೆದಿಟ್ಟು, ಕೆಳಗೆ ಅತಿಥಿಗಳಿಗೆ ಕುರ್ಚಿ ಹಾಕೋಕೆ ಹೋಗಿದ್ದೆ."

"ಇದನ್ನ ಯಾರು ಬೇಕಾದ್ರೂ ಹೇಳಬಹುದು" ಎಂದರು ಬಾಗಿಲಲ್ಲಿ ನಿಂತಿದ್ದ ಮುಖ್ಯಸ್ಥರು. ಕೈಯಲ್ಲಿ ಪತ್ರ.

"ಹೌದು ಹೌದು" ಎಂದರು ಚಿಕ್ಕಮ್ಮ. "ಒಂದು ಸಣ್ಣ ಆಟ ಆಡೋಣ. 'ಎಲ್ಲ ಸರಿ' ಅಂತ ಸರ್ವರಿಗೆ ಹೇಳೋ ಸಾಲು—ಒಬ್ಬೊಬ್ಬರೂ ಬೋರ್ಡಿನ ಮೇಲೆ ಬರೀರಿ."

ಕನ್ನಡಕ ಸಂಖ್ಯೆ ಬರೆಯಲಿಲ್ಲ. ಸೊನ್ನೆಗೆ ಕೋಡಿನಲ್ಲಿರುವ ಹೆಸರು ಬರೆದಳು—ಓಕೆ. ಕೀಲಿಕೈ ಕೈಮುಗಿದ: "ನನಗೆ ಬರೋದು ಬೀಗ ತೆಗೆಯೋದೊಂದೇ."

"ನಿಮಗೆ ಮರೆತಿರುತ್ತೆ ಬಿಡಿ ಸಾರ್. ಕೋಡ್ ಮುಟ್ಟಿ ಎಷ್ಟು ವರ್ಷ ಆಯ್ತೋ..." ಎಂದರು ಚಿಕ್ಕಮ್ಮ, ಮುಖ್ಯಸ್ಥರ ಕಡೆ ತಿರುಗಿ.

"ಮರೆಯೋದಾ? ನೀವೆಲ್ಲ ಇಲ್ಲಿಗೆ ಬರೋಕೆ ಮುಂಚೆ ಬರೆದವನು ನಾನು!" ಮುಖ್ಯಸ್ಥರು ಪೆನ್ ಕಸಿದು ಒಂದೇ ಬೀಸಿಗೆ ಬರೆದರು.

ಸೊನ್ನೆ. ಎರಡೂ ಕಡೆ ಕಂಸ.

ಚಿಕ್ಕಮ್ಮ ಬೋರ್ಡಿನತ್ತ ಒಮ್ಮೆ, ಪರದೆಯ ಸಾಲಿನತ್ತ ಒಮ್ಮೆ ಬೆರಳು ತೋರಿದರು.

"ಈ ಹುಡುಗಿಯ ಮೂರು ಸಾವಿರ ಸಾಲು ನೋಡಿದ್ದೀನಿ" ಎಂದರು ಚಿಕ್ಕಮ್ಮ ಮೆತ್ತಗೆ. "ಎಲ್ಲ ಉತ್ತರಕ್ಕೂ ಹೆಸರು ಬರೀತಾಳೆ, ಒಂದು ಕಡೇನೂ ಬರೀ ಸಂಖ್ಯೆ ಇಲ್ಲ. ಸೊನ್ನೆಗೆ ಕಂಸ ತೊಡಿಸೋ ಚಾಳಿ ಹಳಬರದ್ದು. ನಿಮ್ಮ ಹಳೇ ಮಾಡ್ಯೂಲ್ ತೆಗೀಲಾ ಸಾರ್? ಪುಟ ಪುಟಕ್ಕೂ ಇದೇ ಸೊನ್ನೆ. ಅತಿಥಿಗಳಿಗೆ ಕೆಂಪು ಕಾಣಬಾರದಿತ್ತು—ಅಷ್ಟೇ ತಾನೇ?"

"ಒಂದು ಗಂಟೆ ಮಟ್ಟಿಗೆ... ಆಮೇಲೆ ಸರಿ ಮಾಡೋಣ ಅಂತಿದ್ದೆ. ಮರೆತೆ."

"ಅದು ಮರೆತ್ರಿ. ಅವಳ ಹೆಸರಲ್ಲಿದೆ ಅನ್ನೋದನ್ನ ಮಾತ್ರ ಮರೀಲಿಲ್ಲ."

ಮುಖ್ಯಸ್ಥರು ಪತ್ರವನ್ನು ಮಡಚಿ, ಮತ್ತೆ ಮಡಚಿ, ಜೇಬಿಗಿಟ್ಟುಕೊಂಡರು.

ಅಲ್ಲಿಗೆ ಮುಗಿಯಿತು ಅಂದುಕೊಂಡರು ಎಲ್ಲರೂ. ನನ್ನ ಕಣ್ಣು ಮಾತ್ರ ಪರದೆಯಲ್ಲೇ ಇತ್ತು. ಆ ತಿದ್ದುಪಡಿಯ ಕೆಳಗೆ ಇನ್ನೊಂದು ಗುರುತಿತ್ತು: ಪರಿಶೀಲಿಸಲಾಗಿದೆ, ಒಂಬತ್ತು ನಲವತ್ತೆರಡು.

"ಚಿಕ್ಕಮ್ಮ, ಅದು ನಾನು. ಅವಳ ಕೋಡಲ್ವಾ, ತಪ್ಪಿರಲ್ಲ ಅಂತ... ಓದದೇ ಒಪ್ಪಿಗೆ ಒತ್ತಿಬಿಟ್ಟೆ."

"ಗೊತ್ತು. ನೀನಾಗೇ ಬಾಯಿ ಬಿಡ್ತೀಯೋ ಇಲ್ವೋ ಅಂತ ಕಾಯ್ತಿದ್ದೆ. ಈಗ ಕನ್ನಡಕಂಗೆ ಹೇಳು, ನನಗಲ್ಲ."

ಹೇಳಿದೆ. ಅವಳು ಆ ಸಾಲನ್ನು ಅಳಿಸಿ ಸರಿಯಾದ ಕೋಡ್ ಬರೆದು, ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಈ ಸಲ ಅಕ್ಷರ ಅಕ್ಷರ ಓದಿದೆ. ಮತ್ತೊಮ್ಮೆ ಓದಿದೆ. ಆಮೇಲೆ ಒತ್ತಿದೆ.

ಸ್ವಲ್ಪ ಹೊತ್ತಿಗೆ ಡಿಸ್ಕು ಮತ್ತೆ ಮುನಿಯಿತು. ಗೋಡೆಯ ಪರದೆಯ ಮೂಲೆಯೊಂದು ಕೆಂಪಾಯಿತು. ಕೀಲಿಕೈ ಎದ್ದು ಓಡಿದ. ಚಿಕ್ಕಮ್ಮ ಫೋನೆತ್ತಿ, ಕೋರಿಕೆ ತಲುಪಿಲ್ಲವೆಂದು ತಿಳಿಸಲು ಆಸ್ಪತ್ರೆಯ ನಂಬರು ಒತ್ತತೊಡಗಿದರು.