ಫರಸಿಕಲ್ಲಿನ ಮೇಲೊಂದು ಹುಣಸೆ ಕಾಡು

ಒಡೆದ ಫರಸಿಕಲ್ಲಿನ ಸಲುವಾಗಿ ಶಹಾಬಾದಿನಲ್ಲಿ ಜಗಳ ಆಡಿದವರು ನಾವಿಬ್ಬರೇ ಇರಬೇಕು.

ಕಲೀಮ್ ಸಾಹೇಬರ ಕಲ್ಲಿನ ಅಂಗಡಿಯ ಅಂಗಳದಲ್ಲಿ ಚೌಕಾಗಿ ಕೊಯ್ದು ಪಾಲಿಶ್ ಮಾಡಿದ ಫರಸಿಗಳು ಸಾಲಾಗಿ ಒರಗಿ ನಿಂತಿದ್ದವು. ನಾನು ಅವುಗಳ ಕಡೆ ತಿರುಗಿಯೂ ನೋಡದೆ, ಮೂಲೆಯಲ್ಲಿ ಬಿಸಾಕಿದ್ದ ಅಡ್ಡಾದಿಡ್ಡಿ ತುಂಡೊಂದರ ಮುಂದೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಿದ್ದೆ. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು, ಅಂಚೆಲ್ಲ ಮುಕ್ಕು. ಚಪ್ಪಟೆ ಕಲ್ಲಿನ ಮೇಲೆ ಗಿಡ್ಡ ಗಿಡಗಳ ಬೋನ್ಸಾಯ್ ಕಾಡು ನೆಡುವವರಿಗೆ ಇಂಥ ಕಲ್ಲು ಸಿಗಬೇಕೆಂದರೆ ಪುಣ್ಯ ಮಾಡಿರಬೇಕು.

“ಅದು ನಂದದ ರೀ.”

ತಿರುಗಿ ನೋಡಿದೆ. ಎತ್ತರದ ಆಳು, ಕೈಯಲ್ಲಿ ಚಹಾದ ಗ್ಲಾಸು, ಎಡಹುಬ್ಬಿನ ಮೇಲೆ ಕಲ್ಲಿನ ಪುಡಿ.

“ಎಲ್ಲಿ ಬರದದ ನಿಮ್ಮ ಹೆಸರು?” ಎಂದೆ.

“ಮುಂಜಾನೇನೇ ಆರಿಸಿಟ್ಟೀನ್ರಿ. ಜರಾ ಚಾ ಕುಡ್ಯಾಕ ಹೋಗಿದ್ದೆ.”

“ಹಂಗಾದ್ರ ಚಹಾನೇ ಕುಡೀರಿ. ಕಲ್ಲು ನಾ ಒಯ್ತೀನಿ.”

ಕಲೀಮ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅರೇ, ಅದು ಲಾರಿ ಗಾಲಿಗೆ ಅಡ್ಡ ಇಡೋ ತುಂಡು! ಇಬ್ಬರೂ ದಿವಾನಾ ಆಗೀರೇನು?”

ಆ ಮನುಷ್ಯ ನಗಲಿಲ್ಲ. ನನ್ನ ಪಕ್ಕದಲ್ಲೇ ಕುಳಿತು, ಕಲ್ಲಿನ ಮೇಲೆ ಬೆರಳಾಡಿಸುತ್ತ, “ಯಾವ ಗಿಡ ಇಡ್ತೀರಿ ಇದರ ಮ್ಯಾಲ?” ಎಂದು ಕೇಳಿದರು. ನನ್ನ ಬಳಿ ಗಿಡವೇ ಇರಲಿಲ್ಲ, ಬರೀ ಆಸೆ ಇತ್ತು. ಅವರ ಬಳಿ ಬೀಜ ಹಾಕಿ ಬೆಳೆಸಿದ ಹುಣಸೆ ಸಸಿಗಳಿದ್ದವು, ಇಡಲು ಬಿಸಿಲಿನ ಜಾಗ ಇರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡು. ಡ್ಯೂಟಿಗೆ ಹೋದರೆ ಯಾವಾಗ ತಿರುಗಿ ಬರುತ್ತಾರೋ ಅವರಿಗೇ ಗೊತ್ತಿಲ್ಲ. ಹೆಸರು ಅಣವೀರ.

“ನಿಮ್ಮ ಮಾಳಗಿ ಮ್ಯಾಲ ಬಿಸಿಲು ಅದನ?” ಎಂದರು.

“ಸೇಡಂದಾಗ ಬಿಸಿಲಿಗೆ ಬರಗಾಲ ಏನ್ರಿ?”

“ಮತ್ತ ಕಲ್ಲು ಒಂದ, ಕಾಡೂ ಒಂದ ಆಗ್ಲಿ ಬಿಡ್ರಿ, ಮೇಡಂ.”

ಹುಬ್ಬಿನ ಮೇಲಿನ ಪುಡಿ ಒರೆಸಿಕೊಳ್ಳಿ ಎಂದು ಹೇಳಬೇಕೆಂದಿದ್ದೆ. ಹೇಳಿದರೆ ಇಷ್ಟು ಹೊತ್ತು ಮುಖ ನೋಡುತ್ತಿದ್ದೆ ಎಂದು ತಿಳಿಯುತ್ತದಲ್ಲ ಎಂದು ಸುಮ್ಮನಾದೆ. ನನ್ನ ಸ್ವಭಾವವೇ ಹಾಗೆ. ಮಾತಾಡಬೇಕಾದಲ್ಲಿ ನುಂಗುತ್ತೇನೆ, ಆಮೇಲೆ ಅದನ್ನೇ ನೆನೆದು ನಿದ್ದೆಗೆಡುತ್ತೇನೆ.

ನಾನು ಧನಶ್ರೀ. ಸೇಡಂನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಅಪ್ಪ ರಘುವೀರ ಮತ್ತು ಅಪ್ಪನ ತಾಯಿ ರುಕ್ಮಿಣಿಬಾಯಿ. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು ಅಜ್ಜಿ. ನಮ್ಮದು ಏಕಾದಶಿಗೆ ಒಲೆ ಹಚ್ಚದ ವೈಷ್ಣವರ ಮನೆ. ಅಣವೀರರದು ಹಿಂದೆ ಕಾಗಿಣಾ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ ಮನೆತನ. ಇದೆಲ್ಲ ಮೊದಲ ದಿನವೇ ನನ್ನ ತಲೆಯಲ್ಲಿ ಓಡಿತು ಎಂದರೆ ನಗಬೇಡಿ. ಕಲ್ಲು ಟೆಂಪೋ ಏರುವ ಮೊದಲೇ ನಾನು ಹೆದರಲು ಶುರು ಮಾಡಿದ್ದೆ.

ಮೊದಲ ಮಳೆ ಬಿದ್ದ ಮೇಲೆ ಮಾಳಿಗೆಯ ಮೇಲೆ ಕಾಡು ನೆಟ್ಟೆವು. ಫರಸಿಗೆ ತೂತು ಕೊರೆಸಿ, ಗಿಡ ಬಿಗಿಯಲು ತಂತಿ ಪೋಣಿಸಿದ್ದಾಯಿತು, ಎರೆಮಣ್ಣಿಗೆ ಸಗಣಿ ಕಲಸಿ ಅಂಚಿಗುಂಟ ಗಿಡ್ಡ ಕಟ್ಟೆ ಕಟ್ಟಿದ್ದಾಯಿತು. ಸಸಿಗಳ ಬೇರು ಕತ್ತರಿಸುವ ಕೆಲಸ ನನ್ನದು. ಬೆಸ ಸಂಖ್ಯೆ ಇರಬೇಕೆಂದು ಹನ್ನೊಂದು ಗಿಡ ಆರಿಸಿದೆವು. ಎಲ್ಲಕ್ಕಿಂತ ದಪ್ಪನೆಯದು ನಡುವೆ ಅಲ್ಲ, ನಡುವಿನಿಂದ ತುಸು ಪಕ್ಕಕ್ಕೆ. ಸಣ್ಣವು ಹಿಂದೆ, ದೂರದಲ್ಲಿ ಇದ್ದಂತೆ ಕಾಣಲು. ಯಾವ ಮೂರು ಗಿಡವೂ ಒಂದೇ ಸಾಲಿನಲ್ಲಿ ನಿಲ್ಲಬಾರದು, ಮುಂದಿನಿಂದ ನೋಡಿದರೆ ಒಂದರ ಕಾಂಡ ಇನ್ನೊಂದಕ್ಕೆ ಮರೆಯಾಗಬಾರದು.

“ಇದು ಅದಕ್ಕ ಮರೀ ಆಗ್ಯಾದ. ಸರಸ್ರಿ,” ಎನ್ನುತ್ತಿದ್ದರು ಅಣವೀರ.

“ಯಾವ ಕಡೆ?”

“ನಿಮ್ಮ ಕಡೆ. ಇನ್ನಾ ತುಸು. ಇನ್ನಾ.”

“ಗಿಡ ಸರಸಬೇಕೋ, ನಾ ಸರೀಬೇಕೋ?”

ಅವರು ಗಿಡ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು. ಆಮೇಲೆ ಕಿವಿ ಕೆಂಪು ಮಾಡಿಕೊಂಡು ಮಣ್ಣು ಒತ್ತತೊಡಗಿದರು.

ಅಲ್ಲಿಂದ ಡ್ಯೂಟಿ ಇಲ್ಲದ ಭಾನುವಾರ ಬಂತೆಂದರೆ ಅಣವೀರ ಬರುವುದು ರೂಢಿಯಾಯಿತು. ರೈಲಿನಲ್ಲಿ ವಾಡಿಯಿಂದ ಚಿತ್ತಾಪುರ ದಾಟಿ ಸೇಡಂ. ಕೇಳಿದವರಿಗೆಲ್ಲ ಉತ್ತರ ಒಂದೇ, “ಗಿಡ ನೋಡಾಕ ಬಂದೀನ್ರಿ.” ಕಾಡನ್ನು ಕಾಡಾಗಿಸಲು ಕೆಲಸವೂ ಬೇಕಾದಷ್ಟಿತ್ತು. ಹೊಸ ಚಿಗುರು ಎರಡೆಲೆ ಬಿಟ್ಟ ಕೂಡಲೇ ಚಿವುಟಬೇಕು. ಒಳಗಿನ ಗಿಡಗಳ ಕೆಳಗಿನ ಟೊಂಗೆ ತೆಗೆಯಬೇಕು, ಅಂಚಿನ ಗಿಡಗಳ ಟೊಂಗೆ ಹೊರಕ್ಕೆ ಬಾಗಿಸಬೇಕು. ಒಮ್ಮೆ ಚಂದ್ರಂಪಳ್ಳಿ ಡ್ಯಾಮಿಗೆ ಹೋಗಿ ಬಂಡೆಗಂಟಿದ ಪಾಚಿ, ಹಾವಸೆ ಕೆರೆದು ತಂದು ಮಣ್ಣಿನ ಮೇಲೆ ಹೊದಿಸಿದೆವು. ಅವರು ಅಂದು ತಂದಿದ್ದ ಬೈಕಿನಲ್ಲಿ ಆ ಹಾವಸೆಯ ಬುಟ್ಟಿ ನಮ್ಮಿಬ್ಬರ ನಡುವೆ ಕೂತಿತ್ತು. ಅದರ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತು ಎಂದು ಯಾರಿಗೂ ಹೇಳಿಲ್ಲ.

ಅಜ್ಜಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. “ಗಾರ್ಡ ಬಂದಾನ, ಚಹಾ ಒಯ್ಯಿ,” ಇಷ್ಟೇ. ಆ ಮೌನಕ್ಕೆ ನಾನು ಸಾವಿರ ಅರ್ಥ ಹಚ್ಚುತ್ತಿದ್ದೆ, ಅದರಲ್ಲಿ ಒಂದೂ ಒಳ್ಳೆಯದಲ್ಲ.

ಕಾರ್ತಿಕ ಹತ್ತಿದ ಸ್ವಲ್ಪ ದಿನಕ್ಕೆ ಕಾಡು ಹಳದಿಯಾಗತೊಡಗಿತು.

ಮೊದಲು ಹಿಂದಿನ ಸಣ್ಣ ಗಿಡ, ಆಮೇಲೆ ಅದರ ಪಕ್ಕದ್ದು. ಮುಟ್ಟಿದರೆ ಎಲೆ ಉದುರುತ್ತಿತ್ತು. ಹಾವಸೆ ಕಪ್ಪಾಗಿ ಲೋಳೆಯಾಯಿತು, ಎಲ್ಲಿಂದಲೋ ಇರುವೆ ಸಾಲುಗಟ್ಟಿದವು. ಬೇವಿನೆಣ್ಣೆ ಸಿಂಪಡಿಸಿದೆ. ನೀರು ಕಡಿಮೆ ಮಾಡಿದೆ. ಮಣ್ಣಿನಿಂದ ಹುಳಿ ವಾಸನೆ ಬಂದಾಗ, ಹಿಂದೊಮ್ಮೆ ಹಾಕಿದ ಹಿಂಡಿ ಗೊಬ್ಬರದ್ದಿರಬೇಕು ಎಂದುಕೊಂಡೆ. ದಿನಾ ಮಕ್ಕಳಿಗೆ ಬೇರಿನ ಪಾಠ ಹೇಳುವವಳು ನಾನು! ಬೇರು ಅತಿಯಾಗಿ ಕತ್ತರಿಸಿಬಿಟ್ಟೆನೇ? ಅವರು ಮಕ್ಕಳ ಹಾಗೆ ಬೆಳೆಸಿದ ಸಸಿಗಳನ್ನು ನನ್ನ ಕೈಯಾರೆ ಕೊಂದೆನೇ?

ನಿಜ ಹೇಳುತ್ತೇನೆ, ಗಿಡ ಸಾಯುತ್ತದೆ ಎನ್ನುವುದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಈ ಕಾಡು ಒಣಗಿದರೆ ಅಣವೀರ ನಮ್ಮ ಮನೆಗೆ ಬರಲು ನೆಪವೇ ಇರುವುದಿಲ್ಲ. ಅವರ ಬಾಯಿಂದ ಒಂದು ಮಾತು ಬಂದಿರಲಿಲ್ಲ, ನನ್ನ ಬಾಯಿಂದಲೂ ಇಲ್ಲ. ನಮ್ಮಿಬ್ಬರ ನಡುವೆ ಇದ್ದದ್ದೆಲ್ಲ ಆ ಕಲ್ಲಿನ ಮೇಲೇ ಇತ್ತು.

ಅದಕ್ಕೇ ಸುಳ್ಳು ಹೇಳಿದೆ. “ಈ ಐತಾರ ಬ್ಯಾಡ್ರಿ, ಮನ್ಯಾಗ ಬೀಗರು ಬಂದಾರ.” ಮುಂದಿನ ವಾರ, “ಪೇಪರ್ ತಿದ್ದೋದದ.” ಅದರ ಮುಂದಿನ ವಾರ ಸುಳ್ಳು ಹುಡುಕಲಾಗದೆ ಫೋನೇ ಎತ್ತಲಿಲ್ಲ. ಅಷ್ಟರೊಳಗೆ ಹೇಗಾದರೂ ಚಿಗುರಿಸಿಬಿಡುತ್ತೇನೆ ಎಂಬ ಹುಚ್ಚು ಧೈರ್ಯ. ಚಿಗುರುವುದಿರಲಿ, ಮುಂದಿನ ಸಾಲಿಗೂ ಹಳದಿ ಹತ್ತಿತು.

ಶನಿವಾರ ಸಂಜೆ ಅವರೇ ಮತ್ತೆ ಫೋನ್ ಮಾಡಿದರು. ದನಿ ತಣ್ಣಗಿತ್ತು.

“ಮೇಡಂ, ನಂಗ ತಿಳೀತು ಬಿಡ್ರಿ.”

“ಏನು ತಿಳೀತು?”

“ನಿಮ್ಮ ಮನ್ಯಾಗ ನಾ ಬರೂದು ಯಾರಿಗೋ ಸೇರಂಗಿಲ್ಲ. ನೀವು ಮಾರಿ ಮ್ಯಾಲ ಹ್ಯಾಂಗ ಹೇಳ್ತೀರಿ ಪಾಪ. ನಾಳಿ ಬಂದು ಗಿಡ ತಗೊಂಡು ಹೋಗ್ತೀನಿ. ಸೋಲಾಪುರಕ್ಕ ಟ್ರಾನ್ಸ್‌ಫರ್ ಕೇಳಬೇಕಂತ ಮಾಡೀನಿ.”

“ಅಣವೀರ, ಹಂಗಲ್ಲ...”

“ಮತ್ತ ಹ್ಯಾಂಗ, ಹೇಳ್ರಿ?”

ಹೇಳಬೇಕಿತ್ತು. ಹೇಳಲಿಲ್ಲ. ಅವರು “ಆಯ್ತ್ರಿ,” ಎಂದು ಫೋನ್ ಇಟ್ಟರು. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಮರುದಿನ ಬೆಳಗ್ಗೆ ಅವರು ಗೋಣಿಚೀಲ ಹಿಡಿದುಕೊಂಡೇ ಬಂದರು. ನಗಲಿಲ್ಲ, ಚಹಾ ಬೇಡ ಎಂದರು. ಸೀದಾ ಮಾಳಿಗೆ ಹತ್ತಿದರು, ಹಿಂದೆಯೇ ನಾನು. ಕಲ್ಲಿನ ಮುಂದೆ ನಿಂತು ಅವರು ನೋಡಿದರು. ಉದುರಿದ ಎಲೆ, ಬರಿಯ ಟೊಂಗೆ, ಕಪ್ಪು ಹಾವಸೆ. ಗೋಣಿಚೀಲ ಕೈಯಿಂದ ಜಾರಿತು.

“ಇದಕ್ಕ ಬ್ಯಾಡ ಅಂದ್ರಾ? ಬೀಗರು, ಪೇಪರು, ಎಲ್ಲಾ ಇದಕ್ಕ?”

ತಲೆ ಆಡಿಸಿದೆ. ಕಣ್ಣೀರು ತಾನಾಗಿಯೇ ಇಳಿಯಿತು.

“ನಾ ಕೊಂದೆ ರೀ ನಿಮ್ಮ ಗಿಡ. ಬೇರು ಭಾಳ ಕತ್ತರಿಸಿಬಿಟ್ಟೆ. ಹೇಳಿದ್ರ ನೀವು ಬರೂದೇ ಬಿಡ್ತೀರಿ ಅಂತ...”

ಮಾತು ಅಲ್ಲಿಗೇ ಕಡಿಯಿತು. ಯಾಕೆಂದರೆ ಮೆಟ್ಟಿಲ ಮೇಲೆ ಉಸಿರು ಬಿಡುತ್ತ, ಮೊಣಕಾಲು ಹಿಡಿದು ಒಂದೊಂದೇ ಹೆಜ್ಜೆ ಹತ್ತಿ ಬರುತ್ತಿದ್ದಳು ಅಜ್ಜಿ. ಮಡಿಸೀರೆ, ಕೈಯಲ್ಲಿ ತಾಮ್ರದ ತಂಬಿಗೆ. ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಏನೂ ಆಗಿಲ್ಲವೆನ್ನುವಂತೆ ಬಂದು, “ಕೃಷ್ಣಾ, ಮುಕುಂದಾ,” ಎನ್ನುತ್ತ ಇಡೀ ತಂಬಿಗೆಯನ್ನು ಕಾಡಿನ ಮೇಲೆ ಬಗ್ಗಿಸಿದಳು.

ಬಿದ್ದದ್ದು ಬೆಳ್ಳಗಿತ್ತು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ದೇವರಿಗೆ ಪಂಚಾಮೃತದ ಅಭಿಷೇಕ ಮಾಡಿ ತೊಳೆದ ನೀರು.

“ಅಜ್ಜಿ!” ಇಬ್ಬರೂ ಒಟ್ಟಿಗೇ ಚೀರಿದೆವು.

“ಯಾಕ ಒದರ್ತೀರಿ? ಕಾರ್ತಿಕದಾಗ ದಿನಾ ಪಂಚಾಮೃತ ಇರ್ತದ. ದೇವರ ನೀರು ತುಳಿಯೋ ಜಾಗಾದಾಗ ಚೆಲ್ಲಬಾರದು, ಗಿಡದ ಬುಡಕ್ಕ ಹಾಕಬೇಕು. ಅಷ್ಟೂ ತಿಳಿಯಂಗಿಲ್ಲೇನು ಕಾಲೇಜು ಕಲಿಸೋಕಿಗೆ?”

“ಹಿತ್ತಲದಾಗ ತೆಂಗಿನ ಗಿಡ ಅದಲ್ಲ! ಪ್ರತಿ ವರ್ಷ ಅದಕ್ಕೇ ಹಾಕ್ತಿದ್ದಿ.”

“ಈ ವರ್ಷ ಇದಕ್ಕ ಹಾಕಿದೆ. ನೀ ಕಾಲೇಜಿಗೆ ಹೋದ ಮ್ಯಾಲ ಬಂದು ಹಾಕ್ತಿದ್ದೆ. ಐತಾರ ನೀ ಸ್ನಾನಕ್ಕ ಹೋದಾಗ ಹಾಕ್ತಿದ್ದೆ, ಇವತ್ತ ತಡಾ ಆಯ್ತು.”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆರಳುದ್ದದ ಮಣ್ಣಿಗೆ ದಿನಾ ಹಾಲು, ಜೇನು! ಇರುವೆ ಬರದೆ ಏನು ಮಾಡುತ್ತವೆ, ಬೇರು ಕೊಳೆಯದೆ ಏನು ಮಾಡುತ್ತವೆ? “ಅದಕ್ಕೇ ಸಾಯ್ಲಿಕ್ಕತ್ತಾವ ಅಜ್ಜಿ ಇವು! ಹಾಲು, ತುಪ್ಪ ಕುಡಿದು ಕೊಳತಾವ!”

ಅಜ್ಜಿಯ ಮುಖ ಒಮ್ಮೆಲೇ ಇಳಿದುಹೋಯಿತು. ತಂಬಿಗೆ ಕೆಳಗಿಟ್ಟು ಮಾಳಿಗೆಯ ಅಂಚಿನ ಗೋಡೆಗೆ ಒರಗಿ ಕುಳಿತಳು.

“ಖರೇನೇನ ಧನೂ? ಬಾಡಿದ್ದು ನೋಡಿ ನಾ ಇನ್ನೊಂದು ತಂಬಿಗಿ ಹೆಚ್ಚಿಗಿ ಹಾಕ್ಲಿಕ್ಕತ್ತಿದ್ದೆ.”

“ಮೊಣಕಾಲು ನೋವು ಇಟ್ಕೊಂಡು ಯಾಕ ಹತ್ತಿ ಬರ್ತಿದ್ರಿ ಅಜ್ಜಿ, ದಿನಾ?” ಎಂದರು ಅಣವೀರ, ಮೆತ್ತಗೆ.

ಅಜ್ಜಿ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. “ಗಿಡ ಇದ್ದರ ಈ ಹುಡುಗ ಬರ್ತಾನ. ಹುಡುಗ ಬಂದ್ರ ನೀ ನಗ್ತಿ. ಇದನ್ನ ದೇವರಿಗೆ ಬಾಯಿಬಿಟ್ಟು ಕೇಳ್ಲಿಕ್ಕೆ ನಂಗ ಧೈರ್ಯ ಸಾಲಲಿಲ್ಲವ್ವ. ನಮ್ಮ ಮನ್ಯಾಗ ಹಿಂದ ಯಾರೂ ಹಿಂಗ ಕೇಳಿಲ್ಲ. ಅದಕ್ಕ ಗಿಡ ಚಂದ ಇರ್ಲಿ ಅಂತ ಕೇಳ್ಕೊಂಡೆ.”

ಅಜ್ಜಿಯ ಮೌನಕ್ಕೆ ನಾನು ಹಚ್ಚಿದ್ದ ಸಾವಿರ ಅರ್ಥದಲ್ಲಿ ಇದೊಂದು ಇರಲೇ ಇಲ್ಲ. ನನ್ನ ಮುದುಕಿಯೂ ನನ್ನಂತೆಯೇ ಹೆದರಿಕೊಂಡಿದ್ದಳು, ನನ್ನಂತೆಯೇ ಮಾತು ನುಂಗಿದ್ದಳು. ಹೋಗಿ ಅವಳನ್ನು ಅಪ್ಪಿಕೊಂಡೆ. ಮಡಿ ಅಂತ ಅವಳು ಬೈಯಲೂ ಇಲ್ಲ.

ಅಣವೀರ ಆಗಲೇ ತೋಳು ಮೇಲೇರಿಸಿ ಬಕೀಟಿನಲ್ಲಿ ನೀರು ತಂದಿದ್ದರು. “ತೊಳ್ಯೂಣ ಬರ್ರಿ ಮೇಡಂ. ಬೇರಿನಾಗ ಇನ್ನಾ ಜೀವ ಇದ್ದರ ಉಳೀತಾವ.” ಕಟ್ಟೆ ಒಡೆದು, ಹುಳಿಯಾದ ಮಣ್ಣು ತೆಗೆದು, ಒಂದೊಂದೇ ಗಿಡದ ಬೇರನ್ನು ನೀರಿನಲ್ಲಿ ಅದ್ದಿ ತೊಳೆದೆವು. ಕೊಳೆತದ್ದನ್ನು ನಾನು ಕತ್ತರಿಸುತ್ತಿದ್ದೆ, ಅವರು ಗಿಡ ಹಿಡಿಯುತ್ತಿದ್ದರು. ಹಿಂದಿನ ನಾಲ್ಕು ಪೂರ್ತಿ ಸತ್ತಿದ್ದವು. ಏಳರ ಕಾಂಡ ಉಗುರಿನಿಂದ ಕೆರೆದರೆ ಹಸಿರಿತ್ತು. ದಪ್ಪನೆಯದು ಉಳಿಯುತ್ತದೋ ಇಲ್ಲವೋ, ಆಗ ಹೇಳುವಂತಿರಲಿಲ್ಲ.

“ಏಳೂ ಹೋದ್ರ?” ಎಂದೆ. ಬೇಡವೆಂದರೂ ಬಾಯಿಗೆ ಬಂತು.

ಅವರು ಬೇರಿನ ಮೇಲಿಂದ ಕಣ್ಣೆತ್ತಿದರು. ಮೂಗಿನ ತುದಿಗೆ ಮಣ್ಣು ಹತ್ತಿತ್ತು. ಈ ಸಲ ನಾನೇ ಸೆರಗಿನಿಂದ ಒರೆಸಿದೆ. ಅಜ್ಜಿ ಎದುರಿಗೇ ಕೂತಿದ್ದಾಳೆ ಎನ್ನುವುದು ಒರೆಸಿದ ಮೇಲೆ ನೆನಪಾಯಿತು.

“ಬರೀ ಕಲ್ಲು ಉಳಿದ್ರೂ ಬರ್ತೀನ್ರಿ. ನಾ ಗಿಡ ನೋಡಾಕ ಬರ್ತಿದ್ದೆ ಅಂತ ನೀವೂ ನಂಬಿದ್ರೇನು? ಗಿಡ ನಮ್ಮ ಕ್ವಾರ್ಟರ್ಸ್‌ನ್ಯಾಗೂ ಇದ್ದವು.”

“ಸೋಲಾಪುರ?”

“ನೀವು ಬ್ಯಾಡ ಅಂದ್ರ ಹೋಗಂಗಿಲ್ಲ. ಒಮ್ಮಿ ಬಾಯಿಬಿಟ್ಟು ಅನ್ರಿ.”

“ಬ್ಯಾಡ,” ಎಂದೆ. ಸಾಲದೆನಿಸಿತು. “ನೀವು ಎಲ್ಲಿಗೂ ಹೋಗಬ್ಯಾಡ್ರಿ. ನೀವಂದ್ರ ನಂಗ ಜೀವ.” ಹೇಳಿಬಿಟ್ಟೆ! ಅಣವೀರರ ಕೈಯಲ್ಲಿದ್ದ ಗಿಡ ಬಕೀಟಿಗೆ ಬಿತ್ತು.

ಅಜ್ಜಿ ಗಂಟಲು ಸರಿಮಾಡಿಕೊಂಡಳು. “ನಾ ಇಲ್ಲೇ ಕೂತೀನಿ, ಜರಾ ಖಬರ್ ಇರ್ಲಿ.” ನಾವು ನೆಲ ನೋಡಿದೆವು. ಕೆಳಗೆ ದೇವರ ಮನೆಯಲ್ಲಿ ಅಪ್ಪನ ಮಂಗಳಾರತಿಯ ಗಂಟೆ ಕೇಳಿಸಿತು.

“ಅಪ್ಪ?” ಎಂದೆ.

“ಅವಗ ನಾ ಹೇಳ್ತೀನಿ. ಒಂದು ವಾರ ಮಾತಾಡಂಗಿಲ್ಲ, ಊಟದ ತಾಟು ಸರಸ್ತಾನ, ಆಮ್ಯಾಲ ಹಸೀತಾನ. ನನ್ನ ಮಗ, ನಂಗ ಗೊತ್ತಿಲ್ಲೇನು?” ಅಜ್ಜಿ ಅಣವೀರರ ಕಡೆ ತಿರುಗಿದಳು. “ತಮ್ಮಾ, ಮನ್ಯಾಗ ಹಿರೇರು ಯಾರಿದ್ದಾರ?”

“ಅವ್ವ ಅದಾಳ್ರಿ. ಭೀಮಮ್ಮ.”

“ಕಾರ್ತಿಕ ಮುಗಿದ ಮ್ಯಾಲ ಒಂದು ಐತಾರ ನಿಮ್ಮವ್ವನ್ನ ಕರ್ಕೊಂಡು ಬಾ. ನಾವಿಬ್ಬರು ಮುದುಕೇರು ಕೂತು ಮಾತಾಡ್ತೀವಿ.”

“ಆಯ್ತ್ರಿ ಅಜ್ಜಿ,” ಎಂದು ಅವರು ನನ್ನ ಕಡೆ ನೋಡಿದರು. “ಯಾವ ಐತಾರ ಬರ್ಲಿ ಮೇಡಂ? ನಿಮ್ಮ ಮನ್ಯಾಗ ಬೀಗರು ಇರಬಾರದಲ್ಲ.”

“ಐತಾರದ ತನಕಾ ಯಾಕ ಕಾಯ್ತೀರಿ?” ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ನಾಳೆನೇ ಕರ್ಕೊಂಡು ಬರ್ರಿ.”

ಅಜ್ಜಿ ಕೆನ್ನೆಗೆ ಕೈ ಹಚ್ಚಿ, “ಅಯ್ಯ ನನ್ನ ಶಿವನೇ!” ಎಂದುಬಿಟ್ಟಳು, ಹುಟ್ಟಿದಾಗಿನಿಂದ ಕೃಷ್ಣನನ್ನು ಬಿಟ್ಟು ಬೇರೆ ಹೆಸರು ಹೇಳದವಳು.