ನುಂಗದೆ ಉಳಿದ ಮಾತ್ರೆ

"ಮತ್ತೆ ನೀವಾ?!"

ಆಲಪ್ಪುಳ ಕಡಲತೀರದ ಆಸ್ಪತ್ರೆಯಲ್ಲಿ ನರ್ಸ್ ರೆನ್ಸನ್ ಕೇಳಿದ ಧಾಟಿಗೆ ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು.

ಜಸಿಂತಾಳ ಮುಖ ಕೆಂಪೇರಿತು. ಅಮ್ಮ ತ್ರೇಸ್ಯಾಳ ಕಾಲು ಮತ್ತೆ ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ದಣಿದ ಹೃದಯ. ಈಸ್ಟರ್ ಆದಮೇಲೆ ಇದು ಮೂರನೇ ಸಲ ಸೇರಿಸಿದ್ದು.

"ನೀರಿಳಿಸೋ ಮಾತ್ರೆ ಕೊಡ್ತಿದ್ದೀರಾ?"

"ದಿನಾ ಬೆಳಿಗ್ಗೆ, ನಾನೇ ಕೈಯಾರೆ!"

"ಕೊಟ್ಟಿದ್ರೆ ಹೀಗ್ಯಾಕೆ ಊದ್ತಿತ್ತು? ಅಮ್ಮನನ್ನ ಇಲ್ಲಿ ಮಲಗಿಸಿ ನೆಮ್ಮದಿಯಾಗಿರೋಣ ಅಂತಲೋ ಏನೋ..."

ಛೇ! ಹೋದ ಸಲ ನನಗೂ ಒಂದು ಲೋಟ ಕಪ್ಪು ಚಹಾ ತಂದುಕೊಟ್ಟವನು ಇವನೇನಾ? ಆ ಚಹಾವನ್ನು ಎಷ್ಟು ದಿನ ನೆನೆಸಿಕೊಂಡಿದ್ದೆ, ದಡ್ಡಿ ನಾನು...

"ರೋಗಿ ವಾಪಸ್ ಬಂದ್ರೆ ಮನೆಯವರದೇ ತಪ್ಪು, ಅಲ್ವಾ?" ಅವಳು ದನಿ ಏರಿಸಿದಳು. "ನಿಮ್ಮಲ್ಲಿ ಒಬ್ಬರಾದ್ರೂ ನಮ್ಮ ಹೊಸಿಲು ತುಳಿದು ನೋಡಿದ್ದೀರಾ?"

ತ್ರೇಸ್ಯಾ ಮನೆಗೆ ಮರಳಿದ ವಾರದಲ್ಲೇ, ಒಂದು ಮುಂಜಾನೆ ರೆನ್ಸನ್ ಸೈಕಲ್ಲೇರಿ ಬಂದ.

ಅವನ ಕಣ್ಣೆದುರೇ ಜಸಿಂತಾ ಮಾತ್ರೆ ಕೊಟ್ಟಳು. ಅಮ್ಮ ಗಂಜಿನೀರು ಕುಡಿದು, ಬೇಲಿಯ ಹಿಂದೆ ಹೋಗಿ... ದವಡೆಯಲ್ಲಿಟ್ಟಿದ್ದ ಮಾತ್ರೆ ಉಗಿದದ್ದು ಬೇಲಿಯ ಸಂದಿಯಲ್ಲಿ ಇಬ್ಬರಿಗೂ ಕಂಡಿತು!

"ಅಮ್ಮಾ!"

ರೆನ್ಸನ್ ಗದರಲಿಲ್ಲ. ಮೆಟ್ಟಿಲ ಮೇಲೆ ಕೂತ. "ಯಾಕೆ ಅಮ್ಮಚ್ಚಿ?"

"ನುಂಗಿದ್ರೆ ಕೂತಲ್ಲಿ ಕೂರೋಕಾಗಲ್ಲ ಮಗನೇ, ಒಂದಕ್ಕೆ ಹೋಗ್ತಾನೇ ಇರಬೇಕು. ನಾನು ಕೆಲಸಕ್ಕೆ ಹೋಗೋ ಸಿಗಡಿ ಸುಲಿಯೋ ಶೆಡ್ಡಲ್ಲಿ ಕಕ್ಕಸಿಗೆ ಬೀಗ. ಕೀಲಿ ಸೂಪರ್‌ವೈಸರ್ ಜೇಬಲ್ಲಿ. ಕೇಳಿದ್ರೆ, 'ಸುಲಿಯೋಕೆ ಬಂದ್ಯೋ, ಸುರಿಯೋಕೆ ಬಂದ್ಯೋ' ಅಂತ ಗಂಡಸರ ಮುಂದೆ ನಗ್ತಾನೆ. ಉಟ್ಟಿದ್ದು ಒದ್ದೆ ಮಾಡ್ಕೊಳ್ಳೋದಕ್ಕಿಂತ ಊದಿದ ಕಾಲೇ ವಾಸಿ."

ಹೃದಯ ಸೋತಿದ್ದು ನಿಜ. ಆದರೆ ಅವಳನ್ನು ಮತ್ತೆ ಮತ್ತೆ ವಾರ್ಡಿಗೆ ದಬ್ಬಿದ್ದು ಆ ಬೀಗ! ಆಸ್ಪತ್ರೆ ಮಾತ್ರ ಮಗಳನ್ನು ದೂರಿತ್ತು.

ರೆನ್ಸನ್ ಡಾಕ್ಟರನ್ನು ಕೇಳಿದ. ಮಾತ್ರೆ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಶೆಡ್ಡಿನಿಂದ ಮನೆಗೆ ಬಂದಮೇಲಕ್ಕೆ ಸರಿಯಿತು.

ಬೀಗ ತೆಗೆಸುವ ಕೆಲಸ ಜಸಿಂತಾಳದು. ಮಾರನೇ ದಿನ ಅಮ್ಮನ ಜೊತೆ ಶೆಡ್ಡಿಗೆ ಹೋಗಿ ನೆಲದ ಮೇಲೆ ಕೂತಳು.

"ಕೀಲಿ ಸಿಗೋವರೆಗೂ ಅಮ್ಮ ಒಂದು ಸಿಗಡಿನೂ ಸುಲಿಯಲ್ಲ."

"ಯಾರೇ ನೀನು?" ಸೂಪರ್‌ವೈಸರ್ ಗದರಿದ.

"ತ್ರೇಸ್ಯಾಳ ಮಗಳು!"

ಹೆಂಗಸರೆಲ್ಲ ಕೈ ಕಟ್ಟಿ ಕೂತರು. ಬುಟ್ಟಿಗಳಲ್ಲಿ ಐಸು ಕರಗತೊಡಗಿತು. ಅದು ಪೂರ್ತಿ ನೀರಾಗುವ ಮೊದಲೇ ಕೀಲಿ ಬಂತು. ಗೇಟಿನಾಚೆ ಸೈಕಲ್ ಹಿಡಿದು ನಿಂತಿದ್ದ ರೆನ್ಸನ್ನನ್ನು ಅವಳು ಆಗಲೇ ಕಂಡಿದ್ದು.

ಕ್ರಿಸ್‌ಮಸ್ ಬಂತು. ತ್ರೇಸ್ಯಾ ಮತ್ತೆ ಆಸ್ಪತ್ರೆ ಸೇರಲಿಲ್ಲ. ರೆನ್ಸನ್ ಬಂದು ಅವಳ ಪಾದ ಒತ್ತಿ ನೋಡಿದ. ಗುಳಿ ಬೀಳಲಿಲ್ಲ, ಊತ ಇಳಿದಿತ್ತು.

ಅಂಗಳದಲ್ಲಿ ಜಸಿಂತಾಳ ಮುಂದೆ ತಲೆ ತಗ್ಗಿಸಿದ. "ಅವತ್ತು ಅಂದಿದ್ದು ತಪ್ಪು. ನಿಮ್ಮನ್ನ ಕೇಳೋ ಮೊದಲೇ ತೀರ್ಪು ಕೊಟ್ಟುಬಿಟ್ಟೆ."

"ಹೂಂ. ತುಂಬಾ ನೋವಾಯ್ತು."

"ಈಗ ನನ್ನ ಪಾಡು ಕೇಳಿ. ವಾರ್ಡಿನ ಬಾಗಿಲಲ್ಲಿ ನೀವು ಕಾಣಬಾರದು ಅಂತ ಪ್ರಾರ್ಥಿಸ್ತೀನಿ. ಕಾಣದಿದ್ರೆ... ದಿನವೇ ಹೋಗಲ್ಲ. ನೀವಂದ್ರೆ ನಂಗಿಷ್ಟ, ಜಸಿಂತಾ."

ಒಳಗಿಂದ ತ್ರೇಸ್ಯಾಳ ದನಿ: "ನನ್ನ ಕಾಲು ನೋಡೋಕೆ ಬಂದವನು ಅಂಗಳದಲ್ಲಿ ಏನು ನೋಡ್ತಿದ್ದಾನೇ?"

ಜಸಿಂತಾ ನಕ್ಕಳು. "ವಾರ್ಡಿಗೆ ನಾವು ಬರಲ್ಲ. ಮನೆಗೆ ನೀವು ಬನ್ನಿ. ಚಹಾ ನಾನು ಕೊಡ್ತೀನಿ."

"ದಿನಾ ಬಂದ್ರೆ, 'ಮತ್ತೆ ನೀವಾ' ಅಂತ ಕೇಳಲ್ವಲ್ಲ?"

"ಕೇಳ್ತೀನಿ... ಬರದಿದ್ದ ದಿನ, ಯಾಕೆ ಬರಲಿಲ್ಲ ಅಂತ."